ಶಾಂತಿಯಿಂದ ಹೋದರು ಎಂದು ಬರೆದಿರಲ್ಲ

ತೂತ್‌ಜಾರ್, ಸಾಲಂಗ್ ಕಣಿವೆ
ಹೂತ್ ತಿಂಗಳ ಹತ್ತು, ೧೩೬೭
(ನಿಮ್ಮ ಕಚೇರಿಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಮಾರ್ಚ್ ಒಂದು, ೧೯೮೯)

ಲಾಲೆಯ ತಂದೆ ಇಸ್ಮತ್ ಅವರಿಗೆ,

ಸಲಾಂ. ಬರೆಯಲೇಬೇಕಾದ ಮಾತು ಅದು, ಬರೆದಿದ್ದೇನೆ. ಕ್ಷೇಮವೇ ಎಂದು ಕೇಳುವುದಿಲ್ಲ. ಕಾಬೂಲಿನಲ್ಲಿ, ಬಿಸಿನೀರಿನ ಕೊಳವೆ ಇರುವ ಮನೆಯಲ್ಲಿ, ನೀವು ಕ್ಷೇಮವಾಗಿಯೇ ಇರುತ್ತೀರಿ. ಲಾಲೆ ಚೆನ್ನಾಗಿದ್ದಾಳೆ. ಹೊಗೆಗೆ ಕೆಮ್ಮುತ್ತಾಳೆ. ಮನೆಯ ಚಾವಣಿ ಅರ್ಧ ಕುಸಿದಿದೆ. ಉಳಿದರ್ಧದ ಕೆಳಗೆ ಒಲೆ ಹಚ್ಚಿಕೊಂಡು ನಾಲ್ಕು ಮನೆಯವರು ಒಟ್ಟಿಗೆ ಇದ್ದೇವೆ.

ಲಾರಿಯ ರಜಬ್ ನಿಮ್ಮ ಕಾಗದ ತಂದುಕೊಟ್ಟ. ಹೊರಗೆ ಹಿಮದಲ್ಲಿ ನಿಂತೇ ಓದಿದೆ. ‘ರಷ್ಯದ ಶೂರವಿ ಸೇನೆಯ ಕೊನೆಯ ತುಕಡಿ ಅಮು ನದಿ ದಾಟಿ ತನ್ನ ದೇಶ ಸೇರಿತು. ನಮ್ಮ ಕಣಿವೆಯಲ್ಲಿ ತೆರವು ಶಾಂತಿಯುತವಾಗಿ ನಡೆಯಿತು. ಇದರಲ್ಲಿ ನಮ್ಮ ರಾಜಿ ಆಯೋಗದ ಪಾತ್ರ ಸಣ್ಣದಲ್ಲ’ ಎಂದು ಬರೆದಿದ್ದೀರಿ. ಅದರ ಕೆಳಗೆ, ‘ಮಾವನವರ ವಿಷಯ ಕೇಳಿ ಬಹಳ ದುಃಖವಾಯಿತು, ದೇವರ ಇಚ್ಛೆ’ ಎಂದು ಒಂದೇ ಸಾಲು. ಅದರ ಕೆಳಗೆ ಮಿಕ್ರೊರಯೋನಿನ ಸರ್ಕಾರಿ ಬಡಾವಣೆಯಲ್ಲಿ ಹೊಸ ಮನೆ ಸಿಗಲಿದೆ, ಮೂರನೆಯ ಮಹಡಿ, ಬಾಲ್ಕನಿ ಇದೆ, ಲಾಲೆಯನ್ನು ಕರೆದುಕೊಂಡು ಬಾ ಎಂದು.

ದೇವರು ವಿಮಾನ ಓಡಿಸುವುದಿಲ್ಲ, ಇಸ್ಮತ್ ಸಾಹೇಬರೆ. ಫಿರಂಗಿಗೆ ಗುಂಡು ತುಂಬುವುದಿಲ್ಲ. ಅದನ್ನು ಮಾಡಿದವರು ಯಾರು, ಮಾಡಿ ಎಂದವರು ಯಾರು, ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡವರು ಯಾರು ಎಂಬುದನ್ನು ನಾನು ಬರೆಯುತ್ತೇನೆ. ನೀವು ಕೂತು ಓದಿ.

ಕಳೆದ ಶರತ್ಕಾಲದ ಆ ಮಧ್ಯಾಹ್ನ ನಿಮಗೆ ಮರೆತಿರಲಾರದು. ನೀವೇ ಕಪ್ತಾನ ಗೆನ್ನಾದಿಯನ್ನು ನಮ್ಮ ಮನೆಗೆ ಕರೆತಂದಿರಿ. ರಸ್ತೆಯ ತಿರುವಿನ ಮೇಲೆ, ನಮ್ಮ ನೆತ್ತಿಯ ಮೇಲೆ ಒಂಬತ್ತು ವರ್ಷ ಕೂತಿದ್ದ ಆ ಶೂರವಿ ಠಾಣೆಯ ಅಧಿಕಾರಿ, ಬಂದೂಕನ್ನು ಜೀಪಿನಲ್ಲೇ ಬಿಟ್ಟು, ಬೂಟು ಕಳಚಿ, ತೂತು ಬಿದ್ದ ಕಾಲುಚೀಲದಲ್ಲಿ ನಮ್ಮ ಚಾಪೆಯ ಮೇಲೆ ಕೂತ. ನನ್ನ ಬಾಬಾ ಊರಿನ ಅರ್ಬಾಬ್, ಊರಿಗೇ ಯಜಮಾನ. ಮನೆಗೆ ಬಂದವನಿಗೆ ತಿನ್ನಲು ಕೊಡದೆ ಇರುವವರಲ್ಲ. ಹಿಪ್ಪುನೇರಳೆ ಹಣ್ಣಿನ ಹಿಟ್ಟು ಇಟ್ಟರು. ಆತ ಒಂದು ಹಿಡಿ ಬಾಯಿಗೆ ಹಾಕಿಕೊಂಡವನೇ ಗಂಟಲು ಕಟ್ಟಿ ಕೆಮ್ಮತೊಡಗಿದ. ಮುಖ ಕೆಂಪಾಯಿತು.

“ಇಡೀ ದೇಶ ನುಂಗಿದೋನಿಗೆ ಒಂದ್ ಹಿಡಿ ಹಿಟ್ಟು ನುಂಗೋಕಾಗಲ್ವಾ?” ಎಂದರು ಬಾಬಾ.

ಪರದೆಯ ಹಿಂದಿದ್ದ ನಾವು ಹೆಂಗಸರೆಲ್ಲ ಬಾಯಿಗೆ ಸೆರಗು ತುರುಕಿಕೊಂಡೆವು. ನೀವು ಬೆವತುಹೋದಿರಿ. ನಿಮ್ಮ ತರ್ಜುಮೆ ಏನಿತ್ತೋ, ‘ನಿಧಾನವಾಗಿ ತಿನ್ನಿ’ ಎಂದಿರಬೇಕು. ಆದರೆ ಆತ ಬಾಬಾನ ಮುಖ ನೋಡಿದ, ನಿಮ್ಮ ಮುಖ ನೋಡಿದ, ಜೋರಾಗಿ ನಕ್ಕುಬಿಟ್ಟ. ಬಾಬಾನೂ ನಕ್ಕರು. ಒಂಬತ್ತು ವರ್ಷದಲ್ಲಿ ಠಾಣೆಯವರೂ ಊರಿನವರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಆಮೇಲೆ ಮಾತು ಶುರುವಾಯಿತು. ತಮ್ಮ ಲಾರಿಗಳು ಉತ್ತರಕ್ಕೆ ಹೋಗುವಾಗ ಗುಡ್ಡದ ಮೇಲಿನ ಹುಡುಗರು ಗುಂಡು ಹಾರಿಸಬಾರದು ಎಂದು ಆತ ಕೇಳಿದ. ಆ ಹುಡುಗರ ಮುಖಂಡ ನನ್ನ ತಮ್ಮ ದೌಲತ್ ಎಂಬುದು ಆತನಿಗೂ ಗೊತ್ತಿತ್ತು, ನಿಮಗಂತೂ ಗೊತ್ತೇ ಇತ್ತು. ಬಾಬಾ ಅದಕ್ಕೆ ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ:

“ಬರೋವಾಗ ನೀವು ಯಾರನ್ನೂ ಕೇಳ್ಲಿಲ್ಲ. ಹೋಗೋವಾಗಾದ್ರೂ ಕೇಳಿ ಹೋಗ್ತಿದೀರಲ್ಲ, ಸಂತೋಷ. ಶಾಂತಿ ಕೊಡ್ತೀವಿ ಅಂತ ಮಾತ್ರ ನಂಗೆ ಹೇಳಬ್ಯಾಡಿ, ಅದು ನಮ್ಮ ಮನೇದು, ನೀವೇ ತಗೊಂಡಿದ್ದು. ನಮ್ಮ ದ್ರಾಕ್ಷಿ ತೋಟದಲ್ಲಿ ನೀವು ಹೂತಿಟ್ಟಿದ್ದನ್ನ ನೀವೇ ತೆಗೀರಿ. ಹಿಡ್ಕೊಂಡು ಹೋದ ನಮ್ಮವ್ರನ್ನ ಬಿಡಿ, ಸತ್ತಿದ್ರೆ ಎಲ್ಲಿ ಹೂತ್ರಿ ಅಂತಾದ್ರೂ ಹೇಳಿ. ಆಮೇಲೆ ಹೊರಡಿ. ಬೆನ್ನಿಗೆ ಒಂದು ಗುಂಡೂ ಬೀಳಲ್ಲ, ನಾನು ನೋಡ್ಕೋತೀನಿ.”

ಕಪ್ತಾನ ಎದ್ದು ಕೈ ನೀಡಿದ. ಬಾಬಾ ತಕ್ಷಣ ಹಿಡಿಯಲಿಲ್ಲ. ನಿಮ್ಮ ಕಡೆ ತಿರುಗಿ, “ಅಳಿಯಾ, ಇವನ ಭಾಷೆ ನಂಗೆ ಬರಲ್ಲ. ಇವನ ಮಾತಿಗೆ ನೀನು ಜವಾಬ್ದಾರಿ ತಗೋತೀಯಾ?” ಎಂದು ಕೇಳಿದರು.

“ತಗೋತೀನಿ ಬಾಬಾ” ಎಂದಿರಿ. ಆಮೇಲೆಯೇ ಅವರು ಕೈ ಹಿಡಿದದ್ದು.

ಆತ ಮಾತಿನಂತೆ ನಡೆದ. ಅದನ್ನು ಹೇಳದಿದ್ದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಮರುದಿನದಿಂದ ತಾನೇ ಮುಂದೆ ನಿಂತು, ಹೊಟ್ಟೆಯ ಮೇಲೆ ತೆವಳಿಕೊಂಡು, ತೋಟದ ಸಾಲು ಸಾಲಿನಿಂದ ಸಿಡಿಗುಂಡುಗಳನ್ನು ಅಗೆದು ತೆಗೆದ. ನಾವು ಮಾಳಿಗೆಯ ಮೇಲಿಂದ ನೋಡುತ್ತಿದ್ದೆವು. ನೆರೆಮನೆಯ ಜೇವರಮ್ಮನ ಗಂಡನ ಕಾಲು ಹೋದದ್ದು ಅದೇ ತೋಟದಲ್ಲಿ. ಆಕೆ ಮೊದಲ ದಿನ “ಹಾರಿಹೋಗಲಿ ಹಾಳಾದೋನು” ಎಂದು ಶಪಿಸಿದಳು. ಕೊನೆಯ ದಿನ ಅವನಿಗೆ ಒಂದು ಬಟ್ಟಲು ಮೊಸರು ಕಳಿಸಿದಳು. ಹಿಡಿದುಕೊಂಡು ಹೋಗಿದ್ದ ಮೂವರಲ್ಲಿ ಇಬ್ಬರು ಮನೆಗೆ ಬಂದರು. ಮೂರನೆಯವನ ತಾಯಿಗೆ ಸಮಾಧಿಯ ಜಾಗ ತಿಳಿಯಿತು. ಆಕೆ ಅಲ್ಲಿಗೆ ಹೋಗಿ ಅತ್ತು ಬಂದು, ಎಷ್ಟೋ ವರ್ಷಗಳ ನಂತರ ತಲೆ ಬಾಚಿಕೊಂಡಳು.

ಇಷ್ಟೇ ಬೇಕಿದ್ದದ್ದು. ಇದಕ್ಕೆ ಆಯೋಗ ಬೇಡ, ಜಿನೀವಾ ಒಪ್ಪಂದ ಬೇಡ, ಬಾವುಟ ಬೇಡ. ಒಂದು ಸೇನೆ ತಾನು ಹೊಕ್ಕ ಮನೆಯಿಂದ ಹೀಗೂ ಹೊರಗೆ ಹೋಗಬಹುದಿತ್ತು. ನಾನು ಕಣ್ಣಾರೆ ಕಂಡಿದ್ದೇನೆ, ಆದ್ದರಿಂದಲೇ ನನಗೆ ಇಷ್ಟು ಸಿಟ್ಟು.

ದೌಲತನ ಹುಡುಗರು ಮಾತು ಉಳಿಸಿಕೊಂಡರು. ಲಾರಿಗಳು ಹೋದವು, ಟ್ಯಾಂಕುಗಳು ಹೋದವು, ಗುಡ್ಡದಿಂದ ಒಂದು ಕಲ್ಲು ಕೂಡ ಉರುಳಲಿಲ್ಲ. ಗುಹೆಗಳಲ್ಲಿ ಅಡಗಿದ್ದ ಸಂಸಾರಗಳು ಕೆಳಗಿಳಿದು ಬಂದವು. ಬಾಬಾನೇ ಮನೆಮನೆಗೆ ಹೇಳಿಕಳಿಸಿದ್ದರು: “ಈ ಚಳಿಗಾಲ ನಿಮ್ಮ ನಿಮ್ಮ ಒಲೆ ಮುಂದೆ ಕೂತ್ಕೊಳ್ರಪ್ಪ, ಇನ್ನೇನ್ ಭಯ ಇಲ್ಲ.”

ಜನವರಿಯ ನಡುವೆ, ರಜಬ್ ಲಾರಿ ನಿಲ್ಲಿಸಿ ನನ್ನನ್ನು ಕೂಗಿದ. “ಶಾಹ್‌ಪೇರಿ ಅಕ್ಕಾ, ನಿಮ್ಮ ಅತ್ತೆ ಕೊನೇ ಉಸಿರಲ್ಲಿದಾರಂತೆ. ಮಗೂನ ಕರ್ಕೊಂಡು ಈಗಲೇ ಹೊರಡಿ ಅಂದ್ರು ಇಸ್ಮತ್ ಸಾಹೇಬ್ರು.” ನಾನು ಹಿಟ್ಟು ನಾದುತ್ತಿದ್ದವಳು ಹಾಗೇ ಕೈ ತೊಳೆದು ಎದ್ದೆ. ಬಾಬಾ ಲಾರಿಯ ತನಕ ಬಂದು ಲಾಲೆಯನ್ನು ಎತ್ತಿ ಕೂರಿಸಿದರು. ನಿಮ್ಮ ತಾಯಿಗೆಂದು ಒಣದ್ರಾಕ್ಷಿಯ ಗಂಟು ಕೊಟ್ಟರು. “ಹುಷಾರಾಗ್ತಾರೆ ಹೇಳು. ಅವ್ರು ನನಗಿಂತ ಗಟ್ಟಿ” ಎಂದು ನಕ್ಕರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ನಿಮ್ಮ ತಾಯಿ ಬಾಗಿಲು ತೆರೆದಾಗ ಅವರ ಕೈಯಲ್ಲಿ ಎಣ್ಣೆ ಸೌಟು ಇತ್ತು. ಬೊಲಾನಿ ಕರಿಯುತ್ತಿದ್ದರು. ಪಕ್ಕದ ಮನೆಯವಳ ಕೋಳಿ ಅಂಗಳಕ್ಕೆ ಬಂತೆಂದು ಗೋಡೆಯಾಚೆಗೆ ಬೈಯುತ್ತಿದ್ದರು. ನಾನು ಹೊಸ್ತಿಲಲ್ಲೇ ಕೂತು ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತದ್ದು, ಇಸ್ಮತ್! ಬದುಕಿದ್ದಾರಲ್ಲ ಎಂದು! ಅವರು ಕಕ್ಕಾಬಿಕ್ಕಿಯಾಗಿ ನಿಮ್ಮ ಮುಖ ನೋಡಿದರು. “ನಿನ್ನೆಯಿಂದ ಸುಧಾರಿಸಿದೆ” ಎಂದು ನೀವು ಅಡ್ಡ ಬಂದಿರಿ.

ಆ ದಿನಗಳಲ್ಲಿ ನಿಮ್ಮಷ್ಟು ಒಳ್ಳೆಯ ಗಂಡ ಕಾಬೂಲಿನಲ್ಲಿ ಇನ್ನೊಬ್ಬನಿರಲಿಲ್ಲ. ಲಾಲೆಗೆ ಕೆಂಪು ಬೂಟು ತಂದಿರಿ. ನನಗೆ ಉಣ್ಣೆಯ ಶಾಲು ಹೊದಿಸಿದಿರಿ. ಊರಿಗೆ ಹೋಗಬೇಕು ಎಂದಾಗಲೆಲ್ಲ, “ಚಳಿ ಇದೆ, ಇರು, ಶುಕ್ರವಾರ ಕಳೀಲಿ” ಎಂದಿರಿ. ಒಂದು ಬೆಳಿಗ್ಗೆ ವಿಮಾನಗಳು ಉತ್ತರಕ್ಕೆ ಹೋದವು, ಒಂದರ ಹಿಂದೆ ಒಂದು. ಕಿಟಕಿಯ ಗಾಜು ಅದುರಿತು. ನೀವು ಎದ್ದು ಹೋಗಿ ರೇಡಿಯೋ ಆರಿಸಿದಿರಿ. ಆರಿಸಿ, ಚಹಾಕ್ಕೆ ಸಕ್ಕರೆ ಹಾಕಿಕೊಂಡು ಕಲಕುತ್ತಲೇ ಇದ್ದಿರಿ, ಕುಡಿಯಲಿಲ್ಲ.

ನೀವು ಕಚೇರಿಗೆ ಹೋದ ಮೇಲೆ ನಿಮ್ಮ ತಾಯಿ ನನ್ನ ಪಕ್ಕ ಕಂಬಳಿಯೊಳಗೆ ಕಾಲು ಚಾಚಿ ಕೂತು, ಪ್ರೀತಿಯಿಂದಲೇ ಹೇಳಿದರು. ಅವರ ಮೇಲೆ ನನಗೆ ಕೋಪವಿಲ್ಲ. “ನನ್ನ ಮಗನಂಥ ಗಂಡ ಸಿಗೋಕೆ ಪುಣ್ಯ ಮಾಡಿದ್ದೆ ಕಣೇ. ಹೋಗೋ ಮುಂಚೆ ಅವ್ರು ಆ ರಸ್ತೆ ಎರಡೂ ಕಡೆ ಒಂದ್ಸಲ ಸ್ವಚ್ಛ ಮಾಡ್ತಾರಂತೆ. ಅಲ್ಲೀತನಕ ಇವಳನ್ನ ಇಲ್ಲೇ ಇಟ್ಕೊಮ್ಮಾ, ಸಾಯೋ ಥರ ನಟಿಸು ಅಂದ. ನಂಗೆಲ್ಲಿ ಬರುತ್ತೆ ನಟನೆ!”

ಸ್ವಚ್ಛ. ಆ ಪದ ಅವರದಲ್ಲ, ನಿಮ್ಮದು. ನಿಮ್ಮ ಕಚೇರಿಯ ಪದ. ರಷ್ಯನ್ನಿಂದ ನೀವೇ ತರ್ಜುಮೆ ಮಾಡಿದ್ದಿರಬೇಕು.

ನಿನಗೆ ಗೊತ್ತಿತ್ತು. ರಜಬ್‌ನನ್ನು ಕಳಿಸುವ ಮೊದಲೇ ಗೊತ್ತಿತ್ತು. ನನ್ನ ಬಾಬಾ ನಿನ್ನನ್ನು ನಂಬಿ ಕೈ ಕೊಟ್ಟರು, ನೀನು ಅವರ ಮನೆಯಿಂದ ನಿನ್ನ ಹೆಂಡತಿಯನ್ನು, ನಿನ್ನ ಮಗಳನ್ನು ಎರಡು ಸಾಮಾನು ಎತ್ತಿಕೊಂಡಂತೆ ಎತ್ತಿಕೊಂಡು, ಉಳಿದವರನ್ನು ಬಾಂಬಿಗೆ ಬಿಟ್ಟೆ. ಅದೇ ರಜಬ್‌ನ ಬಾಯಲ್ಲಿ ‘ಎಲ್ಲರೂ ಗುಹೆಗೆ ಹೋಗಿ’ ಎಂದು ಒಂದು ಮಾತು ಕಳಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನೌಕರಿಯೇ? ಬಾಲ್ಕನಿಯೇ? ಇನ್ನು ನಿನಗೆ ‘ನೀವು’ ಎಂದು ಬರೆಯಲು ನನ್ನ ಕೈ ಏಳುವುದಿಲ್ಲ.

ನೀನು ಮನೆಗೆ ಬರುವಷ್ಟರಲ್ಲಿ ನಾನು ಲಾಲೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟಾಗಿತ್ತು. ಜಬಲ್ ಸಿರಾಜಿನಲ್ಲಿ ರಸ್ತೆ ಮುಚ್ಚಿದ್ದರು. ಅಲ್ಲಿನ ಚಹಾದಂಗಡಿಯಲ್ಲಿ ನನ್ನಂಥವರೇ ತುಂಬಿದ್ದರು. ಯಾರ ಊರು ಇದೆ, ಯಾರ ಊರು ಇಲ್ಲ, ಯಾರಿಗೂ ತಿಳಿಯದು. ಕಡೆಗೆ ಬಿಟ್ಟಾಗ ನಡೆದೇ ಹೊರಟೆವು. ನಾವು ರಸ್ತೆಯ ಅಂಚಿನ ಕೆಸರು ಹಿಮದಲ್ಲಿ, ಅವರು ರಸ್ತೆಯ ನಡುವೆ, ಅದೇ ದಿಕ್ಕಿಗೆ. ಟ್ಯಾಂಕಿನ ಮೇಲೆ ಕೂತ ಸಿಪಾಯಿಗಳು ಹಾಡುತ್ತಿದ್ದರು. ಮನೆಗೆ ಹೋಗುತ್ತಿದ್ದಾರಲ್ಲ. ಒಬ್ಬ ಲಾಲೆಗೆ ಕೈ ಬೀಸಿದ. ಅವಳು ಕೆಂಪು ಬೂಟಿನ ಕಾಲು ಆಡಿಸುತ್ತ ತಿರುಗಿ ಬೀಸಿದಳು. ನಾನು ಅವಳ ಕೈಗೆ ಹೊಡೆದೆ. ಹುಟ್ಟಿದಂದಿನಿಂದ ಒಂದು ಏಟು ಕೊಟ್ಟವಳಲ್ಲ. ಅವಳು ಅತ್ತಳು, ನಾನೂ ಅತ್ತೆ, ಟ್ಯಾಂಕು ಮುಂದೆ ಹೋಯಿತು.

ಊರಲ್ಲಿ ಏನಾಯಿತು ಎಂಬುದನ್ನು ನನಗೆ ಹೇಳಿದವಳು ಜೇವರಮ್ಮ. ಬಾಂಬು ಬೀಳುವ ಹಿಂದಿನ ಸಂಜೆ ಕಪ್ತಾನ ಒಬ್ಬನೇ ನಮ್ಮ ಮನೆಗೆ ಬಂದಿದ್ದನಂತೆ. ಅವನನ್ನು ಠಾಣೆಯಿಂದ ಬೇರೆಡೆಗೆ ಹಾಕಿದ್ದರು. ಕೆಳಗೆ ಗಾಡಿ ಕಾಯುತ್ತಿತ್ತು. ಬೂಟು ಕಳಚಲಿಲ್ಲ, ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ರಷ್ಯನ್ನಿನಲ್ಲಿ ಏನೇನೋ ಹೇಳಿದ. ಬಾಬಾಗೆ ತಿಳಿಯಲಿಲ್ಲ. ಗುಡ್ಡದ ಕಡೆ ಬೆರಳು ತೋರಿಸಿದ. ಮತ್ತೆ ಹೇಳಿದ. ಬಾಬಾನ ತೋಳು ಹಿಡಿದು ಜಗ್ಗಿದ. ಹೊರಟುಹೋಗುವವನು ದುಃಖದಲ್ಲಿದ್ದಾನೆ, ಗುಡ್ಡದ ಹುಡುಗರು ಸುಮ್ಮನಿರಲಿ ಎನ್ನುತ್ತಿದ್ದಾನೆ ಎಂದು ಬಾಬಾ ತಿಳಿದರು. “ಹೆದರಬ್ಯಾಡ ಮಗಾ, ಯಾರೂ ಹೊಡೆಯಲ್ಲ. ಹೋಗು, ನಿನ್ನ ತಾಯಿ ಮುಖ ನೋಡು” ಎಂದು ಅವನನ್ನು ಅಪ್ಪಿಕೊಂಡರು. ಅವನು ಮಗುವಿನ ಹಾಗೆ ಅತ್ತನಂತೆ. ಕೆಳಗಿನಿಂದ ಗಾಡಿಯ ಹಾರ್ನು ಕೂಗಿತು, ಹೋದ.

ಅವನು ಹೇಳಿದ, ಇಸ್ಮತ್. ಹೊರಗಿನವನು, ನಮ್ಮ ನೆಲಕ್ಕೆ ಬಂದೂಕು ಹಿಡಿದು ಬಂದವನು, ಸಿಕ್ಕಿಬಿದ್ದರೆ ತಲೆ ಹೋಗುವವನು, ಬಂದು ಹೇಳಿದ. ಆ ಬಾಗಿಲಲ್ಲಿ ಆ ಹೊತ್ತಿಗೆ ಬೇಕಿದ್ದದ್ದು ಒಬ್ಬ ತರ್ಜುಮೆದಾರ. ಅವನು ಕಾಬೂಲಿನಲ್ಲಿ ಮಗಳಿಗೆ ಬೂಟು ಕೊಳ್ಳುತ್ತಿದ್ದ.

ಬೆಳಗಾದಾಗ ಶುರುವಾಯಿತು. ಮೊದಲ ಗುಂಡು ಮಸೀದಿಯ ಹಿಂದೆ ಬಿತ್ತು. ಏನೋ ತಪ್ಪಾಗಿದೆ ಎಂದೇ ಬಾಬಾ ನಂಬಿದರು. ತಲೆಯ ರುಮಾಲು ಬಿಚ್ಚಿ, ಕೈಯಲ್ಲಿ ಎತ್ತಿ ಬೀಸುತ್ತ, “ಗೆನ್ನಾ! ಗೆನ್ನಾ!” ಎಂದು ಕೂಗುತ್ತ ಠಾಣೆಯ ದಾರಿ ಹಿಡಿದರು. ಅರವತ್ತೆಂಟರ ಮುದುಕ, ಬರಿದಲೆಯಲ್ಲಿ, ಹಿಮದಲ್ಲಿ. ಠಾಣೆಯಲ್ಲಿ ಹೊಸಬರಿದ್ದರು. ಅವರಿಗೆ ಬಾಬಾ ಯಾರೋ ಒಬ್ಬ ಮುದುಕ. ತೋಟದ ಗೋಡೆ ದಾಟುವ ಮೊದಲೇ ಬಿದ್ದರು. ಆಮೇಲೆ ವಿಮಾನ ಬಂತು. ಜೇವರಮ್ಮನ ಇಬ್ಬರು ಸೊಸೆಯರು, ಆಗತಾನೇ ಸೆರೆಯಿಂದ ಬಂದಿದ್ದ ಆ ಇಬ್ಬರಲ್ಲಿ ಒಬ್ಬ, ಕೆಳಮನೆಯ ಇಡೀ ಸಂಸಾರ. ಒಲೆಯ ಮುಂದೆ ಕೂತಿದ್ದವರೆಲ್ಲ. ಗುಹೆಯಲ್ಲಿದ್ದಿದ್ದರೆ ಬದುಕುತ್ತಿದ್ದರು. ಬಾಬಾನ ಮಾತು ಕೇಳಿ ಇಳಿದು ಬಂದವರು, ಬಾಬಾ ನಿನ್ನ ಮಾತು ಕೇಳಿದವರು.

ನಾನು ತಲುಪಿದಾಗ ಬಾಬಾನನ್ನು ಇನ್ನೂ ಮಣ್ಣು ಮಾಡಿರಲಿಲ್ಲ. ನೆಲ ಹೆಪ್ಪುಗಟ್ಟಿ ಗುದ್ದಲಿ ಇಳಿಯುತ್ತಿರಲಿಲ್ಲ. ಬೆಂಕಿ ಹಾಕಿ ಕರಗಿಸಿ ಅಗೆಯುತ್ತಿದ್ದರು. ದೌಲತ್ ಅಲ್ಲಿರಲಿಲ್ಲ. ಗುಡ್ಡದ ಮೇಲೆ ಫಿರಂಗಿ ಹೂಡುತ್ತಿದ್ದ. ಸೇನೆಯ ಬಾಲ ಇನ್ನೂ ತಿರುವಿನಲ್ಲಿತ್ತು, ಸುರಂಗದ ಕಡೆ ಹತ್ತುತ್ತ, ಬಗ್ಗಿದ ಬೆನ್ನು ತೋರಿಸುತ್ತ. ಮೇಲಿನಿಂದ ಕಣ್ಣು ಮುಚ್ಚಿ ಹೊಡೆದರೂ ತಾಗುತ್ತಿತ್ತು.

ನಾನು ಹತ್ತಿ ಹೋದೆ. ಲಾಲೆಯನ್ನು ಜೇವರಮ್ಮನ ಮಡಿಲಿಗೆ ಹಾಕಿ, ಆ ಬಂಡೆಗಳ ನಡುವೆ ಕೈಕಾಲೂರಿ ಹತ್ತಿದೆ. ದೌಲತ್ ನನ್ನನ್ನು ಕಂಡು, “ನೀನ್ಯಾಕೆ ಬಂದೆ? ಇಳಿ ಕೆಳಗೆ” ಎಂದ.

“ಹೊಡೀಬೇಡ” ಎಂದೆ.

“ನಿನ್ನ ಗಂಡ ಹೇಳಿಕಳಿಸಿದ್ನಾ?” ಎಂದು ಉಗಿದ. ಅವನ ಹುಡುಗರೆಲ್ಲ ನನ್ನನ್ನೇ ನೋಡುತ್ತಿದ್ದರು. “ಬಾಬಾನ ತಲೆ ಅರ್ಧ ಇಲ್ಲ ಅಲ್ಲಿ, ನೋಡಿದ್ಯಾ? ನೋಡ್ಕೊಂಡು ಬಾ, ಆಮೇಲೆ ಮಾತಾಡು.”

“ನೋಡ್ದೆ. ನಾನೇ ತೊಳ್ದೆ.”

ನಾನು ಅವನ ತೋಳು ಹಿಡಿದೆ.

“ನೀನೀಗ ಒಂದು ಹೊಡೆದ್ರೆ ಅವ್ರು ನಿಲ್ತಾರೆ. ನಿಂತು ತಿರುಗ್ತಾರೆ. ಅವ್ರಿಗೆ ಇನ್ನೊಂದು ದಿನ ಇಲ್ಲಿರೋಕೆ ನೆಪ ಬೇಕಾಗಿದ್ರೆ ನೀನೇ ಕೊಟ್ಟಂಗಾಯ್ತು. ನಂಗೆ ಅವ್ರು ಸಾಯೋದು ಬೇಕಿಲ್ಲ ದೌಲತ್, ಹೋಗೋದು ಬೇಕು. ಒಂಬತ್ತು ವರ್ಷ ಅದನ್ನೇ ತಾನೇ ಕೇಳಿದ್ದು? ಹೋಗ್ತಿದಾರೆ ನೋಡು. ಹೋಗ್ಲಿ ಬಿಡು. ಕೆಳಗೆ ಬಂದು ಗುಂಡಿ ತೋಡು.”

“ಮತ್ತೆ ನಮ್ಮ ರಕ್ತ?”

ನಾನು ಅವನ ಫಿರಂಗಿಯ ಮುಂದೆ, ಬಾಯಿಗೆ ಬೆನ್ನು ಕೊಟ್ಟು ಕೂತೆ. ಅವನು ಬೈದ, ಅತ್ತ, ಕಲ್ಲಿಗೆ ಕೈ ಗುದ್ದಿ ರಕ್ತ ಮಾಡಿಕೊಂಡ. ಕೆಳಗೆ ಒಂದೊಂದೇ ಗಾಡಿ ಸುರಂಗದೊಳಗೆ ಹೋಗುತ್ತಿತ್ತು. ಕೊನೆಯದು ಹೋದ ಮೇಲೆ ಅವನು ಇಳಿದು ಬಂದು ಗುದ್ದಲಿ ತೆಗೆದುಕೊಂಡ.

ಹೀಗೆ ನಡೆಯಿತು ನಿನ್ನ ಶಾಂತಿಯುತ ತೆರವು. ಅವರ ಕಡೆಯಿಂದ ನಮ್ಮ ಮೇಲೆ ಬಾಂಬು ಬಿತ್ತು, ನಮ್ಮ ಕಡೆಯಿಂದ ಅವರ ಮೇಲೆ ಒಂದು ಗುಂಡೂ ಬೀಳಲಿಲ್ಲ, ನೀನು ಅದಕ್ಕೆ ಶಾಂತಿ ಎಂದು ಹೆಸರಿಟ್ಟು ನಿನ್ನ ಆಯೋಗದ ಲೆಕ್ಕಕ್ಕೆ ಬರೆದುಕೊಂಡೆ. ರಸ್ತೆಯ ಎರಡೂ ಬದಿ ಖಾಲಿ ಮಾಡಿಸಿಯೇ ಹೋಗಿ ಎಂದು ಅವರ ಕಾಲು ಹಿಡಿದವರು ಕಾಬೂಲಿನ ನಮ್ಮವರೇ ಎಂದು ಇಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಇರಬಹುದು. ಧಣಿ ಮನೆಗೆ ಹೋದ ಮೇಲೆ ತಮ್ಮ ಗತಿ ಏನು ಎಂಬ ಹೆದರಿಕೆ ಅವರಿಗೆ. ನಿನಗೂ ಅದೇ ಹೆದರಿಕೆ ಇತ್ತು ಎಂದು ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಇಳಿಯುವುದಿಲ್ಲ.

ನಾನು ಬರುವುದಿಲ್ಲ. ನಿನ್ನ ಬಾಲ್ಕನಿಯಲ್ಲಿ ನಿಂತು ನಾನು ಯಾವ ದಿಕ್ಕಿಗೆ ನೋಡಲಿ? ನನ್ನನ್ನು ಬದುಕಿಸಿದೆ ಎಂದು ನೀನು ಅಂದುಕೊಂಡಿರುತ್ತೀಯ. ಹೌದು, ಬದುಕಿಸಿದೆ. ಬೆಳಿಗ್ಗೆ ಎದ್ದಾಗಲೆಲ್ಲ ಅದೊಂದನ್ನು ನುಂಗಿಕೊಂಡೇ ನಾನು ಒಲೆ ಹಚ್ಚಬೇಕು. ಜೇವರಮ್ಮ ತನ್ನ ಸೊಸೆಯರ ಬಟ್ಟೆಗಳನ್ನು ನನಗೇ ಕೊಟ್ಟಿದ್ದಾಳೆ, ಉಟ್ಟುಕೋ ಎಂದು. ಉಟ್ಟುಕೊಂಡಿದ್ದೇನೆ. ನಿನ್ನ ಶಾಲನ್ನು ಹೆಣದ ಮೇಲೆ ಹೊದಿಸಲು ಕೊಟ್ಟೆ.

ನಿನ್ನ ಮನೆಯಲ್ಲಿ ನನ್ನ ಹೆಸರಿನಲ್ಲಿ ಏನಿದ್ದರೂ ನಿನ್ನ ತಾಯಿ ಇಟ್ಟುಕೊಳ್ಳಲಿ. ಅವರಿಗೆ ನನ್ನ ಸಲಾಂ ಹೇಳು. ಅವರಿಗೆ ಮಾತ್ರ.

ಅರ್ಬಾಬ್ ಖ್ವಾಜಾ ನೂರ್ ಅವರ ಮಗಳು,
ಶಾಹ್‌ಪೇರಿ

ಮರೆತ ಮಾತು: ನಲವತ್ತನೆಯ ದಿನದ ಪ್ರಾರ್ಥನೆಗೆ ನೀನು ಇಲ್ಲಿಗೆ ಬರುವುದಾಗಿ ರಜಬ್ ಹೇಳಿದ. ಬರಬೇಡ. ಮೊನ್ನೆ ದೌಲತ್ ಊರ ಹಿರಿಯರ ಮುಂದೆ ಕುರಾನು ತಂದಿಟ್ಟು, ‘ಅವನಿಗೆ ಮೊದಲೇ ಗೊತ್ತಿತ್ತಾ, ಇಲ್ವಾ? ಮುಟ್ಟಿ ಹೇಳು’ ಎಂದು ಕೇಳಿದ. ಅವನ ಸೊಂಟದಲ್ಲಿ ಪಿಸ್ತೂಲಿತ್ತು. ನಾನು ಮುಟ್ಟಿ, ‘ಗೊತ್ತಿರಲಿಲ್ಲ’ ಎಂದೆ. ಎಲ್ಲರೂ ನಂಬಿದರು. ಜೇವರಮ್ಮ ನಿನಗಾಗಿ ಅತ್ತಳು ಕೂಡ. ಆದರೆ ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಇಸ್ಮತ್. ಅವಳ ಮುಂದೆ ಒಂದು ಗಳಿಗೆ ಕೂತರೆ ನಿನ್ನ ಮುಖವೇ ಎಲ್ಲ ಹೇಳಿಬಿಡುತ್ತದೆ. ಈ ಕಾಗದವನ್ನು ಓದಿ ಸುಟ್ಟುಬಿಡು.